ಯಾರ ಕಡೆಯವರು ನೀವು?

ರಾಯದುರ್ಗದವರಿಗೆ ಪರದೇಶ ಬಹಳ ಹತ್ತಿರ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮೀಟರ್ ಗೇಜ್ ರೈಲು ಹತ್ತಿದರೆ ಬಿಸಿಲೇರುವ ಹೊತ್ತಿಗೆ ಬಳ್ಳಾರಿ. ಅದೇ ಜೋಳದ ರೊಟ್ಟಿ, ಅದೇ ಧೂಳು, ನಮ್ಮ ಮನೆಯಲ್ಲಿ ಆಡುವ ಕನ್ನಡವೇ ಅಲ್ಲಿಯ ಕನ್ನಡ. ಆದರೂ ಎಂಬತ್ತರ ದಶಕದಲ್ಲಿ ಓದಲು ಹೋದ ನಾನು ರೂಮು ಕೇಳಿ ಬಾಗಿಲು ತಟ್ಟಿ, ಊರ ಹೆಸರು ಹೇಳಿದ ಕೂಡಲೇ ಬರುತ್ತಿದ್ದ ಮಾತು, “ಹಂಗಾರ ಆಂಧ್ರದವ್ರೇನಪಾ?”

ಅವರದೇನೂ ತಪ್ಪಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದ್ರಾಸಿನ ಕೈಯಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನು ಒಡೆದು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಟ್ಟರು. ಮಿಕ್ಕದ್ದು ಮೈಸೂರಿಗೆ ಹೋಯಿತು. ಬಾಡಿಗೆದಾರ ಒಳಗಿರುವಾಗಲೇ ಮನೆ ಮಾರಿದ ಹಾಗೆ: ಗೋಡೆ ಅದೇ, ಬಚ್ಚಲು ಅದೇ, ಓನರು ಬೇರೆ. ಮಡಕಶಿರ ಆಗಲೇ ಅನಂತಪುರ ಜಿಲ್ಲೆಯದ್ದು. ಆದರೆ ಭೂಪಟ ತೆಗೆದು ನೋಡಿ, ಆ ತಾಲ್ಲೂಕು ಕರ್ನಾಟಕದ ಹೊಟ್ಟೆಯೊಳಕ್ಕೇ ಚಾಚಿಕೊಂಡಿದೆ. ಅಲ್ಲಿಯ ಅಗಳಿ, ರೊಳ್ಳದವರಿಗೆ ಸಂತೆಪೇಟೆಗೆ ಸಿರಾ ಹತ್ತಿರ. ಅನಂತಪುರವೆಂದರೆ ಒಂದು ದಿನದ ಕೆಲಸ.

ಬಳ್ಳಾರಿಯ ನಮ್ಮ ಓನರಮ್ಮ ಕಟ್ಟೆಯ ಮೇಲೆ ಕೂತೇ ಸಂದರ್ಶನ ಮಾಡಿದರು. ರಾತ್ರಿ ಎಷ್ಟೊತ್ತಿಗೆ ಬರ್ತೀರಿ, ಗೆಳೆಯರು ಎಷ್ಟು ಮಂದಿ ಬರ್ತಾರ, ಅಡಿಗಿ ಏನೇನು ಮಾಡ್ತೀರಿ. ಈ ಕೊನೆಯದರಲ್ಲಿ ಮಾಂಸದ ಪ್ರಶ್ನೆ ಅಡಗಿತ್ತು. ಜಾತಿಯನ್ನು ನೇರವಾಗಿ ಕೇಳುವಷ್ಟು ಒರಟರಲ್ಲ ಅವರು, “ನಿಮ್ಮ ಮನಿದೇವ್ರು ಯಾವುದು?” ಅಂದರು. ದೇವರ ಹೆಸರು ಹೇಳಿದರೆ ಮುಕ್ಕಾಲು ವಂಶವೃಕ್ಷ ತಿಳಿದುಬಿಡುತ್ತದೆ. ಇಷ್ಟಾದರೂ ಬೀಗದ ಕೈ ಸಿಕ್ಕಿದ್ದು, ನಮ್ಮೂರಿನವರ ಜೊತೆ ವ್ಯಾಪಾರವಿದ್ದ ಬಟ್ಟೆ ಅಂಗಡಿಯವರೊಬ್ಬರು ಬಂದು, “ನಮ್ಮ ಹುಡುಗ್ರೇ, ಕೊಡ್ರಿ” ಅಂದ ಮೇಲೆ. ಛಾಪಾ ಕಾಗದವಿಲ್ಲ, ಸಹಿಯಿಲ್ಲ. ನನ್ನ ಜೊತೆ ರೂಮಿನಲ್ಲಿದ್ದವನು ಅಗಳಿಯವನು. “ಬತ್ತೀನಿ, ಓಯ್ತೀನಿ” ಎಂಬ ಅವನ ಮಾತು ಕೇಳಿ ಓನರಮ್ಮ ತುಮಕೂರು ಕಡೆಯವನೆಂದೇ ತಿಳಿದಿದ್ದರು. ನನ್ನಷ್ಟೇ ಆಂಧ್ರದವನಾದ ಅವನು ಕೋರ್ಸು ಮುಗಿಯುವವರೆಗೂ ಅದನ್ನು ತಿದ್ದಲಿಲ್ಲ.

ತಂಗಿಯನ್ನು ಕೊಟ್ಟಿರುವುದು ಮಡಕಶಿರಕ್ಕೆ. ಅವಳ ಮಗಳು ಈಗ ಜರ್ಮನಿಯ ಆಖೆನ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ವಿದ್ಯಾರ್ಥಿಗಳಿಗಾಗಿ ಸರ್ಕಾರಿ ನೆರವಿನ ಹಾಸ್ಟೆಲುಗಳು ಅಲ್ಲಿವೆ, ಅಗ್ಗವೂ ಹೌದು. ಆದರೆ ಸರದಿ ಬರುವ ಹೊತ್ತಿಗೆ ಒಂದೆರಡು ಸೆಮಿಸ್ಟರ್ ಕಳೆದಿರುತ್ತದೆ. ಹಾಗಾಗಿ ಮೂರು ನಾಲ್ಕು ಜನ ಸೇರಿ ಒಂದು ಮನೆ ಹಿಡಿದು ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿರುವ ಏರ್ಪಾಟಿಗೆ ಹೋಗಬೇಕು. ಹೊಸಬರನ್ನು ಆರಿಸುವವರು ಓನರಲ್ಲ, ಒಳಗಿರುವ ಹುಡುಗ ಹುಡುಗಿಯರು. ಅಡುಗೆಮನೆಯ ಮೇಜಿನ ಸುತ್ತ ಕೂರಿಸಿಕೊಂಡು ಕೇಳಿದರಂತೆ: ಎಷ್ಟೊತ್ತಿಗೆ ಮಲಗುತ್ತೀಯ, ಗೆಳೆಯರು ಬರುತ್ತಾರಾ, ಏನು ಅಡುಗೆ ಮಾಡುತ್ತೀಯ? ಫೋನಿನಲ್ಲಿ ನಗುತ್ತಾ ಹೇಳಿದಳು, “ಮಾವಾ, ನಿಮ್ಮ ಬಳ್ಳಾರಿ ಓನರಮ್ಮನೇ ಕೂತಂಗಿತ್ತು. ಮನೆದೇವ್ರು ಒಂದು ಕೇಳಲಿಲ್ಲ.” ಅಡುಗೆಯ ಪ್ರಶ್ನೆ ಅಲ್ಲಿ ಮಡಿಯದಲ್ಲ, ಒಗ್ಗರಣೆಯದು. ಹೊಗೆ ಕಂಡರೆ ಕೂಗುವ ಯಂತ್ರ ಅಲ್ಲಿ ಮನೆಗಳಿಗೆ ಕಡ್ಡಾಯ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಕಟ್ಟಡವೆಲ್ಲ ಎದ್ದು ಕೂರುತ್ತದೆ.

ಬಾಡಿಗೆ ಎರಡು ಬಗೆ. ಬರೀ ಗೋಡೆ ಮಾಡಿಗೆ ಕೊಡುವುದನ್ನು ‘ತಣ್ಣನೆ ಬಾಡಿಗೆ’ ಅನ್ನುತ್ತಾರೆ. ಬಿಸಿ ಮಾಡುವ ಖರ್ಚು, ನೀರು, ಕಸ ಎಲ್ಲ ಸೇರಿದರೆ ‘ಬಿಸಿ ಬಾಡಿಗೆ’. ಜಾಹೀರಾತಿನಲ್ಲಿ ತಣ್ಣನೆಯದನ್ನು ನೋಡಿ ಖುಷಿಪಟ್ಟವರು ಬಿಸಿಯದನ್ನು ಕೊಡುವಾಗ ಬೆವರುತ್ತಾರೆ. ಇನ್ನೊಂದು ವಿಚಿತ್ರ, ಖಾಲಿ ಮನೆಯೆಂದರೆ ಎಷ್ಟೋ ಕಡೆ ನಿಜಕ್ಕೂ ಖಾಲಿ. ಹಿಂದಿನ ಬಾಡಿಗೆದಾರರು ಹೋಗುವಾಗ ಒಲೆ, ಕಪಾಟು, ಪಾತ್ರೆ ತೊಳೆಯುವ ಸಿಂಕು ಸಮೇತ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗಿರುತ್ತಾರೆ.

ಆದರೆ ಅಡ್ವಾನ್ಸಿನ ವಿಷಯದಲ್ಲಿ ಅವರನ್ನು ಮೆಚ್ಚಬೇಕು. ತಣ್ಣನೆ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ನಮ್ಮ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸನ್ನು, ಬಿಡುವಾಗ ಸುಣ್ಣಬಣ್ಣಕ್ಕೆಂದು ಅದರಲ್ಲಿ ಮುರಿದುಕೊಳ್ಳುವುದನ್ನು ನೆನೆಸಿಕೊಳ್ಳಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕು ಅನ್ನುತ್ತದೆ. ಮಾದರಿ ತಾನೆ, ರಾಜ್ಯಗಳು ಒಪ್ಪಿ ತಮ್ಮ ಕಾನೂನು ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಹನ್ನೊಂದು ತಿಂಗಳ ಕರಾರಿನ ಗುಟ್ಟೂ ಇಂಥದ್ದೇ: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಆ ಖರ್ಚು ಯಾರಿಗೂ ಬೇಡ.

ನಮ್ಮಲ್ಲಿ ಬಟ್ಟೆ ಅಂಗಡಿಯವರ ಒಂದು ಮಾತಿಗೆ ಆದದ್ದು ಹೊರದೇಶಗಳಲ್ಲಿ ಕಾಗದಕ್ಕೆ ಆಗಬೇಕು. ಬ್ರಿಟನ್ನಿನಲ್ಲಿ ಆ ದೇಶದಲ್ಲೇ ನೆಲೆಸಿರುವ ಜಾಮೀನುದಾರರನ್ನು ತನ್ನಿ ಎನ್ನುವ ಓನರುಗಳು ಬಹಳ. ಅಗಳಿಯ ಅಡಿಕೆ ತೋಟದ ಪಹಣಿ ಅಲ್ಲಿ ನಡೆಯುವುದಿಲ್ಲ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಓನರ ಸಹಿಯ ಪತ್ರ ಹಿಡಿದು ಊರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು.

ಸೋದರ ಸೊಸೆ ಇದಕ್ಕೆಲ್ಲ ಹೆದರಲಿಲ್ಲ. ಗಡಿಯ ಮಕ್ಕಳಿಗೆ ಕಾಗದ ಹೊಸದಲ್ಲ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅವಕಾಶವಿದೆ, ರಾಯದುರ್ಗ, ಮಡಕಶಿರ ಎರಡೂ ಪಟ್ಟಿಯಲ್ಲಿವೆ. ಆದರೆ ಕನ್ನಡ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕು. ಅವಳು ಬರೆದು, ಪಾಸಾಗಿ, ತುಮಕೂರಿನಲ್ಲಿ ಓದಿದಳು. ಇನ್ನು 2022ರ ಏಪ್ರಿಲ್‌ನಲ್ಲಿ ಮಡಕಶಿರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅವಳ ಹಳೆಯ ಕಾಗದಗಳೆಲ್ಲ ಅನಂತಪುರ, ಹೊಸವೆಲ್ಲ ಸತ್ಯಸಾಯಿ. ಮನೆ ಕದಲದೆ ವಿಳಾಸ ಬದಲಾದದ್ದನ್ನು ಜರ್ಮನರಿಗೆ ವಿವರಿಸುವ ಕೆಲಸ ಅವಳಿಗೆ ಚೆನ್ನಾಗಿ ಬಂತು. ನಮ್ಮ ವಂಶದಲ್ಲಿ ಅದು ಮೂರನೇ ತಲೆಮಾರಿನ ವಿದ್ಯೆ.

ಹೆದರಬೇಕಾದದ್ದು ಇನ್ನೊಂದಕ್ಕೆ. ಜಾಹೀರಾತಿನಲ್ಲಿ ಚೆಂದದ ಫೋಟೋ, ಕಮ್ಮಿ ಬಾಡಿಗೆ, ಮರ್ಯಾದಸ್ಥ ಓನರು. ಆದರೆ ಆತ ಸದ್ಯ ಬೇರೆ ದೇಶದಲ್ಲಿದ್ದಾನೆ, ಮನೆ ತೋರಿಸಲಾಗದು, ಅಡ್ವಾನ್ಸ್ ಕಳಿಸಿದರೆ ಬೀಗದ ಕೈಯನ್ನು ಅಂಚೆಯಲ್ಲಿ ಕಳಿಸುತ್ತಾನೆ. ಇಲ್ಲಿ ಅಪ್ಪ ಅಮ್ಮ ಬ್ಯಾಂಕಿಗೆ ಓಡುತ್ತಾರೆ. ಅಂಥ ಬೀಗದ ಕೈ ಯಾರಿಗೂ ಬರುವುದಿಲ್ಲ. ಕಣ್ಣಾರೆ ನೋಡದ ಮನೆಗೆ ಒಂದು ಕಾಸೂ ಕಳಿಸಬಾರದು. ಪರಿಚಯದವರೊಬ್ಬರು ಹೋಗಿ ಬಾಗಿಲು ತಟ್ಟಿ ಬಂದರೆ ಅರ್ಧ ಗಂಡಾಂತರ ಕಳೆಯಿತು.

ಆದ್ದರಿಂದ ಹೊರದೇಶದಲ್ಲಿ ನೆಲೆ ಕಂಡಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಊರಿನ ಹುಡುಗಿಯೊಬ್ಬಳು ಬರುತ್ತಿದ್ದಾಳೆಂದು ಯಾರಾದರೂ ನಿಮಗೆ ಫೋನು ಮಾಡಿದರೆ, ಜಾಮೀನು ನಿಲ್ಲದಿದ್ದರೂ ಬೇಡ, ಭಾನುವಾರ ಬಿಡುವು ಮಾಡಿಕೊಂಡು ಆ ವಿಳಾಸಕ್ಕೆ ಹೋಗಿ, ಅಲ್ಲಿ ಮನೆ ಇದೆಯೋ ಇಲ್ಲವೋ ನೋಡಿ ಹೇಳಿ.