ಹೊಸ ಜಾವಾ ಮತ್ತು ಒಂದು ಹಳೆಯ ಬಾಕಿ

ಮೇಷ್ಟರು ಈ ವಯಸ್ಸಿನಲ್ಲಿ ಮೋಟಾರ್ ಸೈಕಲ್ ಕೊಂಡರಂತೆ ಎಂಬ ಸುದ್ದಿ ನಮ್ಮ ಬೀದಿಯನ್ನು ದಾಟಿ ದೊಡ್ಡಬಳ್ಳಾಪುರದ ಬಸ್ ನಿಲ್ದಾಣವನ್ನು ಮುಟ್ಟಲು ಎರಡು ದಿನವೂ ಹಿಡಿಯಲಿಲ್ಲ. ಕೆಲವರು ನಕ್ಕರು. ಕೆಲವರು ಮಗನಿಗಿರಬೇಕು ಎಂದುಕೊಂಡರು. ನನ್ನ ಮನೆಯವರು ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. "ಮಂಡಿ ನೋವೆಂದು ರಾತ್ರಿ ಎಣ್ಣೆ ತಿಕ್ಕಲು ನನ್ನನ್ನು ಎಬ್ಬಿಸಬೇಡಿ" ಎಂದಷ್ಟೇ ಹೇಳಿ ಒಳಗೆ ಹೋದರು. 2021ರ ಆಯುಧಪೂಜೆಯ ಹಿಂದಿನ ಸಂಜೆ ಗಾಡಿ ಮನೆಗೆ ಬಂತು. ಮರುದಿನ ಅದಕ್ಕೆ ಕುಂಕುಮ ಹಚ್ಚಿ, ಹೂವು ಮುಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದವರೂ ಅವರೇ.

ಗಾಡಿ ಜಾವಾ. ನನ್ನ ವಯಸ್ಸಿನವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ. ಕಿರಿಯರಿಗಾಗಿ ನಾಲ್ಕು ಮಾತು. ಜೆಕ್ ದೇಶದ ಜನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡಾಗ, ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಜಾವಾ ಎಂದಾಯಿತು. ರುಸ್ತುಂ ಮತ್ತು ಫಾರೂಕ್ ಇರಾನಿಯವರು 1960ರ ದಶಕದ ಆರಂಭದಲ್ಲಿ ಅದನ್ನು ನಮ್ಮ ಮೈಸೂರಿನಲ್ಲಿ ತಯಾರಿಸತೊಡಗಿದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲು ಜಾವಾ, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದ ಗಾಡಿಗಳು ನಾಡಿನ ಹಳ್ಳಿಹಳ್ಳಿಯನ್ನು ಸುತ್ತಿದವು. ಒಂದೇ ಸಿಲಿಂಡರು, ಆದರೆ ಹೊಗೆಕೊಳವೆ ಎರಡು. ಗೇರಿನ ಕಡ್ಡಿಯನ್ನೇ ತಿರುಗಿಸಿ ನಿಲ್ಲಿಸಿದರೆ ಅದೇ ಕಿಕ್ಕರ್. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 2018ರ ನವೆಂಬರಿನಲ್ಲಿ ಜಾವಾ ಮತ್ತೆ ಹುಟ್ಟಿತು. ಆದರೆ ಈ ಜನ್ಮ ಮೈಸೂರಿನಲ್ಲಿ ಅಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ.

ಹೊಸದರ ಕಂದು ಕೆಂಪು ಬಣ್ಣ, ಹೊಳೆಯುವ ಟ್ಯಾಂಕು, ಜೋಡಿ ಕೊಳವೆಗಳನ್ನು ನೋಡಿದರೆ ಹಳೆಯ ಗಾಡಿಯೇ ಎನ್ನಿಸುತ್ತದೆ. ಒಳಗಿನದು ಬೇರೆ. ಹಳೆಯದು ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಾಗಿದ್ದ, ಗಾಳಿಯಿಂದ ತಣಿಯುತ್ತಿದ್ದ ಟೂ ಸ್ಟ್ರೋಕ್ ಇಂಜಿನ್. ನನ್ನ ಹೊಸ ಗಾಡಿಯದು 293 ಸಿಸಿಯ, ದ್ರವದಿಂದ ತಣಿಯುವ ಫೋರ್ ಸ್ಟ್ರೋಕ್ ಇಂಜಿನ್. ಆದರೂ ಹಳೆಯದರ ಹೋಲಿಕೆ ತಪ್ಪಬಾರದೆಂದು ಅದರ ಮೈಮೇಲೆ ಗೀರು ಗೀರಾದ ರೆಕ್ಕೆಗಳನ್ನು ಉಳಿಸಿದ್ದಾರೆ. ಕಿಕ್ಕರ್ ಇಲ್ಲ. ಗುಂಡಿ ಒತ್ತಿದರೆ ಸಾಕು. ಮೊದಲ ಒಂದು ವಾರ ನನ್ನ ಬಲಗಾಲು ಮತ್ತು ಎಡಗಾಲು ಎರಡೂ ಇಲ್ಲದ ಕಡ್ಡಿಯನ್ನು ಹುಡುಕುತ್ತಿದ್ದವು.

ಹೊಸ ಗಾಡಿಯನ್ನು ಮೊದಲ ಸಾವಿರ ಕಿಲೋಮೀಟರು ನಯವಾಗಿ ನಡೆಸಬೇಕೆಂಬುದು ಎಲ್ಲರೂ ಹೇಳುವ ಮಾತು. ಏಕೆಂದು ಹೇಳುವವರು ಕಡಿಮೆ. ಸಿಲಿಂಡರಿನ ಒಳಗೋಡೆ ಕಣ್ಣಿಗೆ ನುಣುಪಾಗಿ ಕಂಡರೂ ಕಾರ್ಖಾನೆಯಲ್ಲಿ ಅದರ ಮೇಲೆ ಅಡ್ಡಡ್ಡ ಸೂಕ್ಷ್ಮ ಗೀರುಗಳನ್ನು ಬೇಕೆಂದೇ ಎಳೆದಿರುತ್ತಾರೆ. ಎಣ್ಣೆ ಅಲ್ಲಿ ನಿಲ್ಲಬೇಕು. ಪಿಸ್ಟನ್ನಿನ ಉಂಗುರಗಳು ಆ ಗೋಡೆಗೆ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಕೊಳ್ಳಬೇಕು. ಈ ಹೊಂದಾಣಿಕೆ ಮುಗಿಯುವ ಮುನ್ನ ಅತಿ ವೇಗ, ಅತಿ ಭಾರ, ಅತಿ ಶಾಖ ಯಾವುದೂ ಕೂಡದು. ಹಾಗೆಂದು ತೀರ ನಿಧಾನವಾಗಿ, ಮೇಲಿನ ಗೇರಿನಲ್ಲಿ ತಿಣುಕಿಸುತ್ತ ಓಡಿಸುವುದೂ ತಪ್ಪು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವುದೂ ತಪ್ಪು. ಏರಿಸಬೇಕು, ಇಳಿಸಬೇಕು, ಗೇರು ಬದಲಿಸುತ್ತಿರಬೇಕು. ನಡುವೆ ನಿಲ್ಲಿಸಿ ತಣಿಯಲು ಬಿಡಬೇಕು.

ನಮ್ಮ ರೈತರಿಗೆ ಇದು ಹೊಸ ವಿದ್ಯೆಯೇನಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹೋರಿ ಕೊಂಡವನು ಮರುದಿನವೇ ಅದರ ಹೆಗಲಿಗೆ ಗೊಬ್ಬರದ ಗಾಡಿ ಹೇರುವುದಿಲ್ಲ. ಮೊದಲು ಬರಿಯ ನೊಗ. ಆಮೇಲೆ ಪಳಗಿದ ಎತ್ತಿನ ಜೊತೆ ಖಾಲಿ ಗಾಡಿ. ಆಮೇಲೆ ಅರ್ಧ ಭಾರ. ಕನ್ನಡದಲ್ಲಿ ಇದಕ್ಕೆ ಪಳಗಿಸುವುದು ಎಂಬ ಒಳ್ಳೆಯ ಮಾತಿದೆ. ನಾನೂ ಗಾಡಿಯನ್ನು ಪಳಗಿಸಲು ಅದೇ ಘಾಟಿಯ ದಾರಿಯನ್ನು ಆರಿಸಿಕೊಂಡೆ. ಹೆದ್ದಾರಿಯಲ್ಲಿ ವೇಗ ಬದಲಾಗುವುದಿಲ್ಲ. ಮಾಕಳಿದುರ್ಗದ ಬೆಟ್ಟದ ಮಗ್ಗುಲಿನ ರಸ್ತೆಯಲ್ಲಿ ಏರು, ಇಳಿವು, ತಿರುವು ಮೂರೂ ಉಂಟು. ಬೆಳಗಿನ ಆರು ಗಂಟೆಗೆ ಹೊರಟು, ಘಾಟಿಯಲ್ಲಿ ಕೈಮುಗಿದು, ಕಾಫಿ ಕುಡಿದು, ಬಿಸಿಲೇರುವ ಮುನ್ನ ಮನೆ ಸೇರುತ್ತಿದ್ದೆ. ಪ್ರತಿದಿನದ ಕಿಲೋಮೀಟರನ್ನು ಹಾಜರಿ ಪುಸ್ತಕದಂತೆ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಇಷ್ಟು ಎಚ್ಚರಿಕೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೆ ಒಬ್ಬ ಹುಡುಗ ಬೆಲೆ ತೆತ್ತಿದ್ದಾನೆ. ಮೂವತ್ತು ವರ್ಷಗಳಿಗೂ ಮೀರಿ ಯಾರಿಗೂ ಹೇಳದ ಈ ಸಂಗತಿಯನ್ನು ಅವನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಬೇಡವೆಂದಿದ್ದಾನೆ.

1987ರ ಫೆಬ್ರವರಿಯಲ್ಲಿ ನಾನು ಸಾಲ ಮಾಡಿ ಒಂದು ಹೊಸ ಯೆಜ್ಡಿ ಕೊಂಡೆ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನಾನು ತೂಬಗೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ವಯಸ್ಸು 27. ಗಾಡಿ ಒಪ್ಪಿಸಿದ ಮೆಕ್ಯಾನಿಕ್ ಎರಡು ಮಾತು ಹೇಳಿದ್ದ: ಸಾವಿರ ಕಿಲೋಮೀಟರು ಆಗುವ ತನಕ ಐವತ್ತು ದಾಟಿಸಬೇಡಿ, ಪೆಟ್ರೋಲಿಗೆ ಎಣ್ಣೆ ಬೆರೆಸುವಾಗ ಕೈ ಬಿಗಿ ಹಿಡಿಯಬೇಡಿ. ಎರಡನೆಯ ಮಾತನ್ನು ನಾನು ಮೊದಲು ಮುರಿದೆ. ಎಣ್ಣೆ ಹೆಚ್ಚಾದರೆ ಹೊಗೆ ಹೆಚ್ಚು, ಮಕ್ಕಳು ಮೇಷ್ಟರ ಗಾಡಿಯನ್ನು ಸೊಳ್ಳೆ ಓಡಿಸುವ ಯಂತ್ರವೆಂದು ಆಡಿಕೊಳ್ಳುತ್ತಿದ್ದರು. ಹಾಗಾಗಿ ಆ ಸಲ ಎಣ್ಣೆಯನ್ನು ಅರ್ಧಕ್ಕಿಳಿಸಿದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಣಿತದ ದಿನ. ಪರೀಕ್ಷಾ ಕೇಂದ್ರ ದೊಡ್ಡಬಳ್ಳಾಪುರದಲ್ಲಿ. ಬೆಳಿಗ್ಗೆ ನಾನು ಹೊರಟಾಗ ರಸ್ತೆಯ ಬದಿಯಲ್ಲಿ ಒಬ್ಬ ಹುಡುಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡುತ್ತಿದ್ದ. ನನ್ನ ವಿದ್ಯಾರ್ಥಿಯೇ. ಬಸ್ಸು ಬಂದಿರಲಿಲ್ಲ. ಪರೀಕ್ಷೆ ಶುರುವಾಗಲು ಇಪ್ಪತ್ತೈದು ನಿಮಿಷವಿತ್ತು. ಹಿಂದೆ ಕೂರಿಸಿಕೊಂಡೆ. ಐವತ್ತಲ್ಲ, ಎಪ್ಪತ್ತಕ್ಕೆ ಒಯ್ದೆ. ಐದಾರು ಮೈಲಿ ಗಾಡಿ ಹಾಡುತ್ತ ಓಡಿತು. ಆಮೇಲೆ ದನಿ ಬದಲಾಯಿತು. ಎಳೆತ ಕಡಿಮೆಯಾಯಿತು. ಅದು ಎಚ್ಚರಿಕೆಯೆಂದು ನನಗೆ ತಿಳಿಯಲಿಲ್ಲ. ಇನ್ನಷ್ಟು ತಿರುಪಿದೆ. ಕೀರೆಂದು ಹಿಂಚಕ್ರ ಬಿಗಿದುಕೊಂಡು ಗಾಡಿ ರಸ್ತೆಯ ಮೇಲೆ ಗೆರೆ ಎಳೆಯುತ್ತ ನಿಂತಿತು. ನಾವು ಬೀಳದಿದ್ದದ್ದು ದೇವರ ದಯೆ.

ಇಂಜಿನ್ ಸೀಜ್ ಆಗಿತ್ತು. ಹಿಗ್ಗಿದ ಪಿಸ್ಟನ್ನು ಎಣ್ಣೆ ಸಾಲದ ಗೋಡೆಯನ್ನು ಕಚ್ಚಿ ಹಿಡಿದಿತ್ತು. ಕಿಕ್ಕರಿನ ಮೇಲೆ ನಿಂತರೂ ಅಲುಗಲಿಲ್ಲ. ಕೊನೆಗೆ ಇಟ್ಟಿಗೆ ಸಾಗಿಸುವ ಲಾರಿಯೊಂದು ಸಿಕ್ಕಿ ಕೇಂದ್ರ ತಲುಪುವ ಹೊತ್ತಿಗೆ ಪರೀಕ್ಷೆ ಶುರುವಾಗಿ ಐವತ್ತು ನಿಮಿಷ ಕಳೆದಿತ್ತು. ಅರ್ಧ ಗಂಟೆ ಮೀರಿದವರನ್ನು ಒಳಗೆ ಬಿಡುವಂತಿರಲಿಲ್ಲ. ನಾನು ಬೇಡಿಕೊಂಡೆ. ನಿಯಮ ನಿಯಮವೇ. ಹುಡುಗ ಒಂದು ಮಾತೂ ಆಡಲಿಲ್ಲ. ಗೇಟಿನ ಹೊರಗಿನ ಹೊಂಗೆಯ ಮರದಡಿ ಕುಳಿತು ಪೆನ್ನಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದ.

ಗಾಡಿಯನ್ನು ನಾನು ಕೈಬಿಡಲಿಲ್ಲ. ಸಿಲಿಂಡರ್ ಬೋರ್ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿಸಿ, ಮೂರು ವಾರ ಅದರ ಬಳಿಯೇ ನಿಂತು ಸರಿ ಮಾಡಿಸಿದೆ. ಆಮೇಲೆ ಅದು ಹದಿನಾಲ್ಕು ವರ್ಷ ನನ್ನನ್ನು ಹೊತ್ತಿತು. ಹುಡುಗ ಅಕ್ಟೋಬರಿನಲ್ಲಿ ಮತ್ತೆ ಕಟ್ಟಬಹುದಾಗಿತ್ತು. ಕಟ್ಟಲಿಲ್ಲ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಕೆಲಸಕ್ಕೆ ಸೇರಿದನೆಂದು ಕೇಳಿದೆ. ಊರಿನಲ್ಲಿ ಎಷ್ಟೋ ಬಾರಿ ಮಗ್ಗಗಳ ಟಕಟಕ ಸದ್ದು ಬರುವ ಬೀದಿಯನ್ನು ಬಿಟ್ಟು ಬಳಸಿಕೊಂಡು ಹೋಗಿದ್ದೇನೆ.

ಹೊಸ ಜಾವಾದ ಸಾವಿರ ಕಿಲೋಮೀಟರು ಹತ್ತಿರವಾಗುತ್ತಿದ್ದಂತೆ ಇವೆಲ್ಲ ಮನಸ್ಸಿನಲ್ಲಿ ತಿರುಗತೊಡಗಿತು. ಮೊದಲ ಸರ್ವೀಸಿನಲ್ಲಿ ಎದುರಿಗೆ ನಿಂತು ಎಣ್ಣೆ ಇಳಿಸುವುದನ್ನು ನೋಡಿದೆ. ಬಿಸಿಲಿಗೆ ಹಿಡಿದರೆ ಅದರಲ್ಲಿ ನವಿರಾದ ಲೋಹದ ಮಿನುಗು. ಹೊಂದಿಕೊಳ್ಳುವಾಗ ಸವೆದದ್ದು ಅಷ್ಟು. ಮೊದಲ ಎಣ್ಣೆಯನ್ನು ಬೇಗ ಬದಲಿಸುವುದು ಅದಕ್ಕಾಗಿಯೇ. ಸವೆತ ತಪ್ಪಲ್ಲ, ಸವೆದದ್ದನ್ನು ಒಳಗೇ ಸುತ್ತಲು ಬಿಡುವುದು ತಪ್ಪು. ಆ ಭಾನುವಾರ ನಾನು ಮಗ್ಗಗಳ ಬೀದಿಗೆ ಗಾಡಿ ತಿರುಗಿಸಿದೆ.

ಅವನಿಗೀಗ ಐವತ್ತು ದಾಟಿದೆ. ಸ್ವಂತದ ನಾಲ್ಕು ಮಗ್ಗಗಳಿವೆ. ನನ್ನನ್ನೂ ಗಾಡಿಯನ್ನೂ ನೋಡಿದವನೇ ಮಗ್ಗ ನಿಲ್ಲಿಸಿ ಹೊರಗೆ ಬಂದ.

"ಏನ್ ಸಾರ್, ಇವತ್ತು ಯಾವ ಪರೀಕ್ಷೆಗೆ ಕರ್ಕೊಂಡ್ ಹೋಗೋಕೆ ಬಂದ್ರಿ?" ಎಂದ.

ನಾನು ನಗಲಾರದೆ ನಿಂತೆ. ಮೂವತ್ತನಾಲ್ಕು ವರ್ಷದಿಂದ ಕಟ್ಟಿಕೊಂಡಿದ್ದ ಮಾತನ್ನು ಹೇಳಿದೆ. ಎಣ್ಣೆ ಕಡಿಮೆ ಹಾಕಿದ್ದನ್ನೂ ಹೇಳಿದೆ. ಅವನು ಕೇಳಿಸಿಕೊಂಡು ಒಳಗಿನಿಂದ ಟೀ ತರಿಸಿದ.

"ಅದಕ್ಕೆ ಯಾಕ್ ಸಾರ್ ಅಷ್ಟು ಬೇಜಾರು? ಬಸ್ಸು ಬರ್ದಿದ್ ದಿನ ನಿಲ್ಸಿ ಹತ್ತಿಸ್ಕೊಂಡೋರು ನೀವೊಬ್ರೇ. ಗಾಡಿ ಕೆಡೋದು ಯಾರ ಕೈಲಿದೆ?" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಲೋಟವನ್ನು ಕೆಳಗಿಟ್ಟು ಮತ್ತೆ ಹೇಳಿದ: "ಒಂದ್ ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಆ ಮೇಲೆ ಒಂದ್ ಸಲ ನಮ್ಮನೆಗ್ ಬಂದು, ಅಕ್ಟೋಬರಿಗೆ ಫೀಸ್ ಕಟ್ಟೋ ಅಂದಿದ್ರೆ ಕಟ್ತಿದ್ದೆ. ನೀವ್ ಬರ್ತೀರಾ ಅಂತ ನಮ್ಮಪ್ಪ ಕಾಯ್ತಿದ್ರು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಇಷ್ಟು ವರ್ಷ ನಾನು ತಪ್ಪನ್ನು ಆ ರಸ್ತೆಯ ಮೇಲಿನ ಗೆರೆಯಲ್ಲಿ ಹುಡುಕುತ್ತಿದ್ದೆ. ಅದು ಅಲ್ಲಿರಲಿಲ್ಲ. ಕೆಟ್ಟ ಗಾಡಿಯ ಬಳಿ ಮೂರು ವಾರ ನಿಂತವನು ಆ ಮನೆಯ ಬಾಗಿಲಿಗೆ ಒಂದು ಸಂಜೆ ಹೋಗಿರಲಿಲ್ಲ. ನಾಚಿಕೆಯಾಗಿತ್ತು ನಿಜ. ಆದರೆ ಹೋಗಬೇಕಾದವನು ನಾನೇ ಆಗಿದ್ದೆ.

ಈಗ ಗಾಡಿ ಪಳಗಿದೆ. ಉಳಿದದ್ದು ದಿನದಿನದ ಆರೈಕೆ. ಕೇಳಿದವರಿಗಾಗಿ ನಾನು ಪಾಲಿಸುವುದನ್ನು ಬರೆಯುತ್ತೇನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ತಿರುಪದೆ, ಎಣ್ಣೆ ಮೇಲಿನ ತನಕ ಏರಲು ಅರ್ಧ ನಿಮಿಷ ಕೊಡಿ. ಹೊಸ ಚೈನು ಆರಂಭದಲ್ಲಿ ಬೇಗ ಹಿಗ್ಗುತ್ತದೆ. ಅದರ ಸಡಿಲವನ್ನು ಕೈಪಿಡಿಯ ಅಳತೆಗೆ ತನ್ನಿ, ಅತಿ ಬಿಗಿ ಅತಿ ಸಡಿಲದಷ್ಟೇ ಕೆಡುಕು. ಚೈನಿಗೆ ಎಣ್ಣೆ ಹಾಕುವುದು ಓಡಿಸಿ ಬಂದ ಮೇಲೆ, ಅದು ಬೆಚ್ಚಗಿರುವಾಗ. ಆಗ ಎಣ್ಣೆ ಒಳಗಿಳಿಯುತ್ತದೆ. ಕಡ್ಡಿಯ ಚಕ್ರವಾದ್ದರಿಂದ ಆಗಾಗ ಸ್ಪೋಕುಗಳನ್ನು ಬೆರಳಿನಿಂದ ಮೀಟಿ ನೋಡಿ, ಸಡಿಲವಾದದ್ದರ ನಾದ ಬೋದಾಗಿರುತ್ತದೆ. ತಣಿಸುವ ದ್ರವದ ಮಟ್ಟವನ್ನು ಇಂಜಿನ್ ತಣ್ಣಗಿರುವಾಗಲೇ ನೋಡಿ. ಚಕ್ರದ ಬೇರಿಂಗಿನ ಬಳಿ ರಭಸದ ನೀರು ಬಿಡಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ, ಅದು ನೀರನ್ನು ಹೀರುವ ಗುಣದ್ದು. ಆದ್ದರಿಂದ ತಿಂಗಳುಗಟ್ಟಲೆ ಗಾಡಿಯನ್ನು ಮೂಲೆಯಲ್ಲಿ ನಿಲ್ಲಿಸಬೇಡಿ. ಕಿಕ್ಕರ್ ಇಲ್ಲದ ಗಾಡಿಗೆ ಬ್ಯಾಟರಿಯೇ ಜೀವ, ನಿಂತಷ್ಟೂ ಅದು ಸೊರಗುತ್ತದೆ. ವಾರಕ್ಕೊಮ್ಮೆಯಾದರೂ ಓಡಿಸಿ.

ಕೊನೆಯದನ್ನು ನಾನು ಗಾಡಿಯ ವಿಷಯವಾಗಿ ಮಾತ್ರ ಹೇಳುತ್ತಿಲ್ಲ. ತಿಂಗಳಿಗೊಂದು ಭಾನುವಾರ ಅವನ ಮನೆಗೆ ಹೋಗುತ್ತೇನೆ. ಈಗಲಾದರೂ ಪರೀಕ್ಷೆಗೆ ಕಟ್ಟು ಎಂದೆ. "ಬಿಡಿ ಸಾರ್, ಈಗ ಲೆಕ್ಕ ಎಲ್ಲಾ ಫೋನೇ ಮಾಡುತ್ತೆ" ಎಂದು ನಕ್ಕ. ಹೋದ ಸಲ ಗಾಡಿಯ ಹಿಂದೆ ಕುಳಿತು ಘಾಟಿಯ ತನಕ ಬಂದ. ನಾನು ಐವತ್ತು ದಾಟಿಸಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಮೂವತ್ತಾರು ವರ್ಷದ ಮೇಷ್ಟ್ರುಗಿರಿಯಲ್ಲಿ ನಾನು ಹೋಗಬೇಕಾಗಿದ್ದು ಹೋಗದೆ ಉಳಿದ ಬಾಗಿಲು ಇದೊಂದೇ ಆಗಿರಲಾರದು. ನಿಮ್ಮದೂ ಅವುಗಳಲ್ಲೊಂದಾದರೆ ಸಂಕೋಚವಿಲ್ಲದೆ ತಿಳಿಸಿ. ಭಾನುವಾರ ಬೆಳಿಗ್ಗೆ ನಾನು ಬಿಡುವಾಗಿರುತ್ತೇನೆ. ಗಾಡಿ ಇದೆ.