ಉಳಿದ ಉಪ್ಪು

ಬೋಧನಾಭ್ಯಾಸದ ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು 40 ಲೀಟರಿನ ಕಡಲನೀರಿನ ಅಕ್ವೇರಿಯಂ ಇಟ್ಟರು. ಜೀವಂತ ಹವಳ ಬೇಡವೆಂದೆ. ಕಲ್ಲುಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಮೀನು ಬಿಡುವ ಆತುರವನ್ನೂ ತಡೆದೆ: ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕಾರು ವಾರ ಬೇಕು. ಇವೆಲ್ಲ ಹೇಳಿದರೆ ತಿಳಿಯುವ ವಿಷಯ.

ನನ್ನನ್ನು ಕಾಡಿದ್ದು ಇನ್ನೊಂದು. ನೀರು ಆರಿ ಇಳಿದಾಗಲೆಲ್ಲ ಒಬ್ಬರು ಉಪ್ಪುನೀರನ್ನೇ ತುಂಬುತ್ತಿದ್ದರು. ಏಳನೆಯ ತರಗತಿಗೆ ಆವಿಯಾಗುವಿಕೆಯ ಪಾಠವನ್ನು ಸೊಗಸಾಗಿ ಮಾಡಿದ್ದವರೂ ಅವರೇ. ಹೈಡ್ರೋಮೀಟರ್ 1.025 ತೋರಿಸಬೇಕಾದಲ್ಲಿ 1.031 ತೋರಿಸಿತು, ಎರಡು ಸೀಗಡಿಗಳಲ್ಲಿ ಒಂದು ಸತ್ತಿತ್ತು.

“ಆರಿಹೋದದ್ದು ಏನು?” ಎಂದು ಕೇಳಿದೆ. ಅವರು ಉತ್ತರಿಸುವ ಮೊದಲೇ ಹುಡುಗಿಯೊಬ್ಬಳು, “ಬರೀ ನೀರು, ಟೀಚರ್. ಉಪ್ಪು ಅಲ್ಲೇ ಇರುತ್ತೆ, ನೀವೇ ಹೇಳಿದ್ರಲ್ಲ” ಎಂದಳು.

ಅವರು ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಗೆರೆ ಎಳೆದರು. ಉಪ್ಪುನೀರು ತೆಗೆದು ಸಿಹಿನೀರು ಸೇರಿಸುತ್ತ ನಾಲ್ಕು ದಿನಗಳಲ್ಲಿ ಸಾಂದ್ರತೆ ಇಳಿಸಿದೆವು. ಇನ್ನೊಂದು ಸೀಗಡಿ ಉಳಿಯಿತು.