ಒಲೆಯ ಹಿಂದಿನ ಕನ್ನಡಿ

ಚೀನೀಯರ ‘ಫೆಂಗ್‌ಶುಯಿ’ಗೆ ಗಾಳಿ-ನೀರು ಎಂದಷ್ಟೇ ಅರ್ಥ. ಒಲೆಯ ಮಗ್ಗುಲಲ್ಲೇ ಸಿಂಕು ಬೇಡ, ಬೆಂಕಿಗೂ ನೀರಿಗೂ ವೈರ ಎನ್ನುತ್ತದೆ ಅದು. ವೈರವೋ ಏನೋ, ಕಾದ ಎಣ್ಣೆಗೆ ಬಿದ್ದ ನೀರು ಮಾತ್ರ ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ಅಡುಗೆ ಮಾಡುವವರ ಬೆನ್ನು ಬಾಗಿಲಿಗಿರಬಾರದು, ಇದ್ದರೆ ಒಲೆಯ ಹಿಂದೆ ಕನ್ನಡಿ ಹಾಕಿ ಎಂಬುದು ಇನ್ನೊಂದು ಮಾತು. ಮಕ್ಕಳು ಓಡಿಬಂದು ಅಮ್ಮನ ಸೆರಗು ಹಿಡಿಯುವ ಮನೆಗಳಲ್ಲಿ ಇದು ತಳ್ಳಿಹಾಕುವಂಥದ್ದಲ್ಲ. (ಕನ್ನಡಿಯಿಂದ ಸಿರಿ ಇಮ್ಮಡಿಯಾಗುತ್ತದೆ ಎಂಬುದನ್ನು ಕನ್ನಡಿ ಮಾರುವವರಿಗೇ ಬಿಡೋಣ.)

ಆದರೆ ಸಿಲಿಂಡರಿನ ಅನಿಲ ಆ ಹಳೆಯ ಶಾಸ್ತ್ರಕ್ಕೆ ಗೊತ್ತಿಲ್ಲ. ಅದು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೇ ಹರಡಿ ನಿಲ್ಲುತ್ತದೆ. ನಮ್ಮಲ್ಲಿ ಆಗ್ನೇಯ ಮೂಲೆಗಾಗಿ ಗೋಡೆಯನ್ನೇ ಒಡೆಸುವವರು ನೆಲಮಟ್ಟದಲ್ಲೊಂದು ಗಾಳಿಕಿಂಡಿ ಇಡಿಸಿದ್ದಾರೆಯೇ? ಮಕ್ಕಳೇ, ಇಂದು ಸಂಜೆ ಸಿಲಿಂಡರಿನ ಪಕ್ಕ ಬಗ್ಗಿ ನೋಡಿ.